ನಡುಗಡಲಿನ ಪಿಟೀಲು

ವಿಮಾನಯಾನವು ಬಳಕೆಗೆ ಬರುವ ಮುನ್ನ ಯೂರೋಪಿನಿಂದ ಅಮೆರಿಕಕ್ಕೆ ಹೋಗುವವರಿಗೆ ಹಡಗೊಂದೇ ಗತಿಯಾಗಿತ್ತು. ಸುಮಾರು ಒಂದು ವಾರದ ಆ ಪಯಣದ ಬೇಸರವನ್ನು ನೀಗಲು ದೊಡ್ಡ ಹಡಗುಗಳಲ್ಲಿ ವಾದ್ಯಮೇಳಗಳಿರುತ್ತಿದ್ದವು. ಭೋಜನದ ವೇಳೆಯಲ್ಲಿ ಅವುಗಳ ಇಂಪನ್ನು ಸವಿದವರು ಎಷ್ಟೋ ಮಂದಿ. ಆ ವಾದ್ಯಗಾರರ ಬಾಳು ಎಂತಹುದೆಂದು ವಿಚಾರಿಸಿದವರು ವಿರಳ.

ವ್ಯಾಲೇಸ್ ಹಾರ್ಟ್ಲಿ ಅಂಥವರಲ್ಲೊಬ್ಬ. 1878ರಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಕೋಲ್ನ್ ಎಂಬ ಊರಿನಲ್ಲಿ ಜನಿಸಿದ. ತಂದೆ ಅಲ್ಲಿನ ಪ್ರಾರ್ಥನಾಮಂದಿರದ ಗಾಯಕರ ಮೇಳಕ್ಕೆ ಮುಖ್ಯಸ್ಥರು. ಮಗ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿದರೂ ಅವನ ಮನಸ್ಸೆಲ್ಲ ಪಿಟೀಲಿನಲ್ಲಿಯೇ ನೆಟ್ಟಿತ್ತು. ಕೊನೆಗೆ ಅದನ್ನೇ ವೃತ್ತಿಯಾಗಿ ಹಿಡಿದು ಲೂಸಿಟೇನಿಯ, ಮಾರಿಟೇನಿಯ ಮೊದಲಾದ ಹಡಗುಗಳಲ್ಲಿ ನುಡಿಸಿದ. 1910ರಲ್ಲಿ ಮರಾಯ ರಾಬಿನ್‌ಸನ್ ಎಂಬಾಕೆಯೊಡನೆ ವಿವಾಹ ನಿಶ್ಚಯವಾದಾಗ ಆಕೆ ಕೊಟ್ಟ ಉಡುಗೊರೆಯೂ ಒಂದು ಪಿಟೀಲು!

ಕೆಲಸವೇನೂ ಸುಲಭದ್ದಲ್ಲ. ಟೈಟಾನಿಕ್ ಹಡಗಿನ ಕಂಪನಿಯ ಸಂಗೀತ ಪುಸ್ತಕದಲ್ಲಿ 352 ಕೃತಿಗಳಿದ್ದವು. ಪ್ರಯಾಣಿಕರು ಯಾವುದನ್ನು ಬಯಸಿದರೂ ನುಡಿಸಲು ಮೇಳ ಸಿದ್ಧವಿರಬೇಕು. ಸಂಬಳವೋ ಅಲ್ಪ. ಲಿವರ್‌ಪೂಲಿನ ದಲ್ಲಾಳಿ ಸಂಸ್ಥೆಯೊಂದು ವಾದ್ಯಗಾರರನ್ನು ಒದಗಿಸುವ ಗುತ್ತಿಗೆಯನ್ನು ಹಿಡಿದ ಮೇಲೆ, ತಿಂಗಳಿಗೆ ಆರೂವರೆ ಪೌಂಡುಗಳಿದ್ದ ವೇತನ ನಾಲ್ಕಕ್ಕೆ ಇಳಿಯಿತು. ಸಮವಸ್ತ್ರದ ಖರ್ಚೂ ಅವರದೇ. ಹಡಗಿನ ನೌಕರರ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ; ಎರಡನೆಯ ದರ್ಜೆಯ ಟಿಕೆಟಿನ ಮೇಲೆ ಅವರ ಪಯಣ.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಿಮಬಂಡೆಗೆ ಬಡಿಯಿತು. ದೋಣಿಗಳು ಎಲ್ಲರಿಗೂ ಸಾಲುವಂತಿರಲಿಲ್ಲ. ಜನರ ಗಾಬರಿಯನ್ನು ತಗ್ಗಿಸಲು ಹಾರ್ಟ್ಲಿ ತನ್ನ ಏಳು ಮಂದಿ ಸಂಗಡಿಗರೊಡನೆ ನುಡಿಸತೊಡಗಿದ. ಕೊನೆಯಲ್ಲಿ ನುಡಿಸಿದ್ದು ಯಾವ ಕೃತಿಯೆಂಬುದರಲ್ಲಿ ಬದುಕುಳಿದವರ ಹೇಳಿಕೆಗಳು ಒಂದಾಗಿಲ್ಲ. ಆದರೆ ನುಡಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಬೆಳಗಿನ ಜಾವ 2 ಗಂಟೆ 20 ನಿಮಿಷಕ್ಕೆ ಹಡಗು ಮುಳುಗಿತು. ಸುಮಾರು 1,500 ಮಂದಿ ಮಡಿದರು. ಎಂಟು ವಾದ್ಯಗಾರರಲ್ಲಿ ಒಬ್ಬನೂ ಉಳಿಯಲಿಲ್ಲ.

ಲೋಕವೆಲ್ಲ ಅವರನ್ನು ಕೊಂಡಾಡಿತು. ಕೋಲ್ನ್‌ನಲ್ಲಿ ಹಾರ್ಟ್ಲಿಯ ಅಂತ್ಯಯಾತ್ರೆಯನ್ನು ನೋಡಲು ಸಾವಿರಾರು ಜನ ನೆರೆದರು. ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸುಮಾರು 500 ವಾದ್ಯಗಾರರು ಕೂಡಿ ಸ್ಮಾರಕ ಕಚೇರಿಯನ್ನು ನಡೆಸಿದರು. ಆದರೆ ಅದೇ ಏಪ್ರಿಲ್ ಮುಗಿಯುವ ಹೊತ್ತಿಗೆ, ಮೇಳದ ಇಪ್ಪತ್ತೊಂದು ವರ್ಷದ ತರುಣ ಜಾಕ್ ಹ್ಯೂಮನ ತಂದೆಗೆ ದಲ್ಲಾಳಿಗಳಿಂದ ಒಂದು ಕಾಗದ ಬಂದಿತ್ತು: ಮಗನ ಸಮವಸ್ತ್ರದ ಲೆಕ್ಕದಲ್ಲಿ ಬಾಕಿಯಿದೆ, ದಯಮಾಡಿ ಸಲ್ಲಿಸಬೇಕು! ಪರಿಹಾರ ಕೇಳಿದ ಕುಟುಂಬಗಳಿಗೆ ಹಡಗಿನ ಕಂಪನಿ, 'ಅವರು ನಮ್ಮ ನೌಕರರಲ್ಲ' ಎಂದಿತು. ಕಡೆಗೆ ಕೈಹಿಡಿದದ್ದು ಸಾರ್ವಜನಿಕರು ಕೂಡಿಸಿದ ಸಹಾಯನಿಧಿ.

ಮರಾಯ ಮತ್ತೆ ಮದುವೆಯ ಮಾತನ್ನೆತ್ತಲಿಲ್ಲ. ಆಕೆಯ ಉಡುಗೊರೆಯಾದ ಪಿಟೀಲು 2013ರಲ್ಲಿ ಹರಾಜಿಗೆ ಬಂದು 9 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಅದನ್ನು ನುಡಿಸಿದ ಕೈಗಳಿಗೆ ಸಂದದ್ದು ಮಾತ್ರ ತಿಂಗಳಿಗೆ ನಾಲ್ಕು ಪೌಂಡು.