ಪ್ರಾಗ್‌ನ ಗಡಿಯಾರ, ತಿಪಟೂರಿನ ಅಜ್ಜ

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಓದುತ್ತಿದ್ದ ನನಗೆ ಜೂನ್ ತಿಂಗಳ ಒಂದು ಶನಿವಾರ ಬಿಡುವು ಸಿಕ್ಕಿತು. ಪಕ್ಕದ ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ ದಾರಿ. ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದು. ಹಿಂದಿನ ದಿನ ಊರಿಗೆ ಫೋನ್ ಮಾಡಿದಾಗ ಅಜ್ಜ ಕೇಳಿದ್ದು ಒಂದೇ: "ಅಲ್ಲೊಂದು ಹಳೇ ಗಡಿಯಾರ ಇದೆಯಂತಲ್ಲ ಪುಟ್ಟಿ, ಅದು ಹೊಡೆಯೋದನ್ನ ನನಗೂ ಕೇಳಿಸು."

ಅಜ್ಜ ತಿಪಟೂರಿನಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಈಗ ಕಣ್ಣು ಪೂರ್ತಿ ಮಂಜಾಗಿದೆ. ಮುಳ್ಳು ಕಾಣದಿದ್ದರೂ ಟಿಕ್ ಟಿಕ್ ಸದ್ದು ಕೇಳಿಯೇ ಗಡಿಯಾರದ ಕಾಯಿಲೆ ಹೇಳಿಬಿಡುತ್ತಾರೆ.

ಪ್ರಾಗ್‌ನಲ್ಲಿ ಮೊದಲು ನೋಡಿದ್ದು ವಲ್ಟಾವಾ ನದಿಯ ಮೇಲಿನ ಚಾರ್ಲ್ಸ್ ಸೇತುವೆ. 516 ಮೀಟರ್ ಉದ್ದದ ಕಲ್ಲಿನ ಸೇತುವೆ, ಎರಡೂ ಬದಿ ಸೇರಿ 30 ಪ್ರತಿಮೆಗಳು. ದೊರೆ ನಾಲ್ಕನೇ ಚಾರ್ಲ್ಸ್ 1357ರಲ್ಲಿ, 9ನೇ ತಾರೀಖು, 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಇದಕ್ಕೆ ಅಡಿಗಲ್ಲು ಇಟ್ಟನಂತೆ. ಮಕ್ಕಳೇ, ಆ ಅಂಕಿಗಳನ್ನು ಸಾಲಾಗಿ ಬರೆದು ನೋಡಿ: 135797531. ಹಿಂದಿನಿಂದ ಓದಿದರೂ ಅದೇ! ಮುಹೂರ್ತ ನೋಡುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಮಧ್ಯಾಹ್ನ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹಳೇ ಪುರಭವನದ ಗೋಪುರದ ಕೆಳಗೆ ನಿಂತು ಫೋನ್ ಮಾಡಿದೆ. ಊರಲ್ಲಿ ಆಗ ಮೂರೂವರೆ ಸಮೀಪ, ಅಜ್ಜನ ಕಾಫಿ ಹೊತ್ತು.

"ಹೇಗಿದೆ ಹೇಳು."

ಹೇಳುತ್ತಾ ಹೋದೆ. ಇದು ಗಡಿಯಾರ ಮಾತ್ರವಲ್ಲ, ಗೋಡೆಗೆ ಹಾಕಿದ ಪಂಚಾಂಗ. ಹನ್ನೆರಡು ರಾಶಿಗಳ ಉಂಗುರ, ಅದರ ಮೇಲೆ ಸಾಗುವ ಚಿನ್ನದ ಸೂರ್ಯ, ಅರ್ಧ ಬೆಳ್ಳಿ ಅರ್ಧ ಕಪ್ಪು ಬಣ್ಣದ ಚಂದ್ರ. ಹೊರಗಿನ ಉಂಗುರದಲ್ಲಿ ಹಳೇ ಜೆಕ್ ಸಮಯ. ಅದನ್ನು ಎಣಿಸುವುದು ಸೂರ್ಯ ಮುಳುಗಿದಾಗಿನಿಂದ. "ನಮ್ಮ ಘಳಿಗೆ ಲೆಕ್ಕ ಸೂರ್ಯ ಹುಟ್ಟಿದಾಗಿನಿಂದ, ಅವರದ್ದು ಮುಳುಗಿದಾಗಿನಿಂದ" ಎಂದು ಅಜ್ಜ ನಕ್ಕರು.

ಅಷ್ಟರಲ್ಲಿ ಅಸ್ಥಿಪಂಜರದ ಗೊಂಬೆ ಹಗ್ಗ ಎಳೆದು ಗಂಟೆ ಬಾರಿಸಿತು. ಮೇಲಿನ ಎರಡು ಕಿಟಕಿಗಳಲ್ಲಿ ಯೇಸುವಿನ ಹನ್ನೆರಡು ಶಿಷ್ಯರ ಗೊಂಬೆಗಳು ಒಂದೊಂದಾಗಿ ಹಾದುಹೋದವು. ಕೊನೆಗೆ ಚಿನ್ನದ ಹುಂಜ ಕೂಗಿತು. ನಾನು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದೆ.

ಪಕ್ಕದಲ್ಲಿ ಗೈಡ್ ಒಬ್ಬಳು ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿದ್ದಳು. "ಏನಂತಾಳೆ?" ಎಂದರು ಅಜ್ಜ. ಹೇಳಲು ನನಗೆ ನಾಲಿಗೆ ಬರಲಿಲ್ಲ. ಮತ್ತೆ ಕೇಳಿದರು. ಹೇಳಿದೆ: ಇದನ್ನು ಮಾಡಿದ ಹನುಶ್ ಎಂಬ ಕುಶಲಕರ್ಮಿ ಇಂಥ ಇನ್ನೊಂದನ್ನು ಬೇರೆ ಊರಿಗೆ ಮಾಡಿಕೊಡಬಾರದೆಂದು ನಗರದ ಹಿರಿಯರು ಅವನ ಕಣ್ಣು ಕೀಳಿಸಿದರಂತೆ.

ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಹೇಳಬಾರದಿತ್ತು ಅನ್ನಿಸಿತು.

"ಸುಳ್ಳು ಕಥೆ ಪುಟ್ಟಿ," ಎಂದರು ಆಮೇಲೆ. "ಮಾಡಿದೋನ ಕಣ್ಣೇ ಕಿತ್ತರೆ, ನಾಳೆ ಕೆಟ್ಟಾಗ ಯಾರನ್ನ ಕರೀತಾರೆ?"

ಆಮೇಲೆ ಓದಿ ನೋಡಿದೆ. ಅಜ್ಜ ಹೇಳಿದ್ದೇ ಸರಿ. ಗಡಿಯಾರವನ್ನು 1410ರಲ್ಲಿ ಮಾಡಿದವನು ಕಡಾನ್ ಊರಿನ ಮಿಕುಲಾಶ್. ಹನುಶ್ ಅದನ್ನು ನೋಡಿಕೊಂಡದ್ದು ಬಹಳ ವರ್ಷಗಳ ಮೇಲೆ. ಕಣ್ಣು ಕಿತ್ತದ್ದು ಬರೀ ದಂತಕಥೆ. ಆದರೆ ಗಡಿಯಾರಕ್ಕೆ ನಿಜವಾಗಿ ಪೆಟ್ಟು ಬಿದ್ದದ್ದು 1945ರ ಮೇ ತಿಂಗಳಲ್ಲಿ. ಎರಡನೇ ಮಹಾಯುದ್ಧದ ಕೊನೆಯ ದಿನಗಳ ಬೆಂಕಿಯಲ್ಲಿ ಅದು ಸುಟ್ಟಿತು. ರಿಪೇರಿ ಮಾಡುವ ಕೈಗಳಿದ್ದವು; 1948ರಲ್ಲಿ ಮತ್ತೆ ನಡೆಯಿತು.

ಸಂಜೆ ಬೆಟ್ಟದ ಮೇಲಿನ ಕೋಟೆ, ಸೇಂಟ್ ವೀಟಸ್ ಚರ್ಚು ನೋಡಿ ರೈಲು ಹತ್ತಿದೆ. ಅಜ್ಜನದೇ ಫೋನ್ ಬಂತು. ಊರಲ್ಲಿ ಆಗಲೇ ನಡುರಾತ್ರಿ.

"ಇನ್ನೂ ಮಲಗಿಲ್ಲವಾ ಅಜ್ಜ?"

"ಅದೇ ಯೋಚನೆ ಪುಟ್ಟಿ. ಗಂಟೆ ಸರಿಯಾಗಿದೆ. ಆ ಹುಂಜದ ಕೂಗಲ್ಲಿ ಮಾತ್ರ ಗಾಳಿ ಸೋರ್ತಾ ಇದೆ. ಒಳಗಿನ ತಿದಿ ನೋಡಿಕೊಳ್ಳೋಕೆ ಅವರಿಗೆ ಯಾರಾದರೂ ಹೇಳಬೇಕು!"