ಮ್ಯೂಸ್ ನದಿಯಿಂದ ತುಂಗಭದ್ರೆಗೆ

ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಹೊರಟ ರೈಲುಗಾಡಿ ಮಟಮಾರಿಯ ಪುಟ್ಟ ನಿಲ್ದಾಣವನ್ನು ದಾಟಿ ಮುಂದೆ ಸಾಗಿದರೆ, ಸ್ವಲ್ಪ ಹೊತ್ತಿನಲ್ಲಿಯೇ ತುಂಗಭದ್ರೆಯ ಸೇತುವೆ ಬರುತ್ತದೆ. ಅದೇ ರಾಯಚೂರಿನಿಂದ ಉತ್ತರಕ್ಕೆ ಹೊರಟರೆ ಎದುರಾಗುವುದು ಕೃಷ್ಣೆ. ಈ ಎರಡು ಹೊಳೆಗಳ ನಡುವಣ ನೆಲವೇ ಇತಿಹಾಸದಲ್ಲಿ ಹೆಸರಾದ ರಾಯಚೂರು ದೋಆಬು. ಇದಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದ ಆದಿಲಶಾಹಿಗಳೂ ಎಷ್ಟು ಸಲ ಕಾದಿದರೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಗೆದ್ದುದು ಆ ಕಾಳಗಗಳಲ್ಲೆಲ್ಲ ಪ್ರಸಿದ್ಧವಾದುದು.

ಈ ಹೊಳೆಗಳಿಗಾಗಿ ಜಗಳ ಇಂದಿಗೂ ನಿಂತಿಲ್ಲ. ಆದರೆ ಆನೆ ಕುದುರೆಗಳಿದ್ದ ಕಡೆ ಈಗ ಕಡತಗಳಿವೆ. ದಳವಾಯಿಗಳಿದ್ದ ಕಡೆ ವಕೀಲರಿದ್ದಾರೆ. ಈ ಮಾರ್ಪಾಡು ತಾನಾಗಿಯೇ ಆದುದಲ್ಲ. ಒಂದು ನದಿ ಹಲವು ರಾಜ್ಯಗಳಲ್ಲಿ ಹರಿದರೆ ಅದರ ನೀರು ಯಾರಿಗೆಷ್ಟು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಅದನ್ನು ಲೋಕದ ಬೇರೆ ಬೇರೆ ನ್ಯಾಯಾಲಯಗಳಿಂದ ಹುಡುಕಿ ತರಬೇಕಾಯಿತು. ಹಾಗೆ ತಂದವರು ನಮ್ಮ ಕರಾವಳಿಯವರೇ ಆದ ಸರ್ ಬೆನಗಲ್ ನರಸಿಂಗ ರಾವ್ ಅವರು.

ರಾಯರು 1887ರಲ್ಲಿ ದಕ್ಷಿಣ ಕನ್ನಡದಲ್ಲಿ ಜನಿಸಿ, ಮಂಗಳೂರು, ಮದರಾಸುಗಳಲ್ಲಿ ಓದಿ, ಕೇಂಬ್ರಿಜ್ಜಿಗೆ ತೆರಳಿ, ಐ.ಸಿ.ಎಸ್. ಅಧಿಕಾರಿಯಾಗಿ ಬಂಗಾಳಕ್ಕೆ ಬಂದವರು. ಮುಂದೆ ಕಲಕತ್ತೆಯ ಹೈಕೋರ್ಟಿನ ನ್ಯಾಯಾಧೀಶರೂ ಆದರು. ಸಿಂಧ್ ಪ್ರಾಂತಕ್ಕೂ ಪಂಜಾಬಿಗೂ ನೀರಿನ ವಿಷಯದಲ್ಲಿ ವಿವಾದವೆದ್ದಿತು. ಮೇಲಿನವರು ಅಣೆಕಟ್ಟು ಕಟ್ಟಿದರೆ ತಮ್ಮ ಕಾಲುವೆಗಳು ಒಣಗುವುವೆಂಬುದು ಸಿಂಧದವರ ದೂರು. ವಿಚಾರಣೆಗೆ 1941ರಲ್ಲಿ ನೇಮಕವಾದ ಆಯೋಗಕ್ಕೆ ರಾಯರು ಅಧ್ಯಕ್ಷರು. ಇಬ್ಬರು ಇಂಜಿನಿಯರುಗಳು ಸದಸ್ಯರು.

1942ರಲ್ಲಿ ಅವರಿತ್ತ ವರದಿಯಲ್ಲಿ ಆಧಾರವಾಗಿ ಬಂದಿರುವ ಊರುಗಳ ಹೆಸರೇ ಒಂದು ಭೂಗೋಳದ ಪಾಠ. 1911ರಲ್ಲಿ ಮ್ಯಾಡ್ರಿಡ್ಡಿನಲ್ಲಿ ನ್ಯಾಯಶಾಸ್ತ್ರಜ್ಞರು ರಚಿಸಿದ ನಿಯಮಗಳು. 1923ರ ಜಿನೀವಾ ಒಡಂಬಡಿಕೆ. ಮ್ಯೂಸ್ ನದಿಯ ಕಾಲುವೆಗಳಿಗಾಗಿ ಹಾಲೆಂಡ್ ಮತ್ತು ಬೆಲ್ಜಿಯಂ ದೇಶಗಳು ಹೂಡಿದ ವ್ಯಾಜ್ಯದಲ್ಲಿ 1937ರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯವು ಕೊಟ್ಟ ತೀರ್ಪು. ಅಮೆರಿಕದ ಸಂಸ್ಥಾನಗಳ ನಡುವಣ ನದಿ ವ್ಯಾಜ್ಯಗಳು. ಇವೆಲ್ಲವನ್ನೂ ಸೋಸಿ ರಾಯರು ತೆಗೆದ ಸಾರವು ಹಳ್ಳಿಯ ಪಂಚಾಯಿತಿಯವರಿಗೂ ತಿಳಿಯುವಂಥದು. ಎಲ್ಲಕ್ಕಿಂತ ಮೇಲಾದುದು ರಾಜಿ. ನಡುವೆ ಗಡಿಯೇ ಇಲ್ಲವೆಂಬಂತೆ, ಒಂದೇ ಸಮುದಾಯದವರಂತೆ ಆಲೋಚಿಸಿ ಮಾಡಿಕೊಳ್ಳುವ ರಾಜಿ. ರಾಜಿಯಾದರೆ ಅದೇ ಕಾನೂನು. ಆಗದಿದ್ದರೆ ಪ್ರತಿಯೊಬ್ಬರಿಗೂ ನ್ಯಾಯವಾದ ಪಾಲು. ಮೇಲಿರುವೆನೆಂದು ಒಬ್ಬನು ನೀರನ್ನೆಲ್ಲ ಕಟ್ಟಿಕೊಳ್ಳುವಂತಿಲ್ಲ. ಕೆಳಗಿರುವೆನೆಂದು ಇನ್ನೊಬ್ಬನು ಹನಿಯನ್ನೂ ಮುಟ್ಟಗೊಡದಿರುವಂತಿಲ್ಲ.

ವರದಿಯನ್ನು ಸಿಂಧದವರೂ ಒಪ್ಪಲಿಲ್ಲ, ಪಂಜಾಬಿನವರೂ ಒಪ್ಪಲಿಲ್ಲ. ನಿಷ್ಪಕ್ಷಪಾತಕ್ಕೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಕೆ? ಅಷ್ಟರಲ್ಲಿ ದೇಶವೇ ಇಬ್ಭಾಗವಾಯಿತು. ಆದರೆ ನ್ಯಾಯವಾದ ಪಾಲು ಎಂಬ ಮಾತು ಉಳಿಯಿತು. 1969ರಲ್ಲಿ ನ್ಯಾಯಮೂರ್ತಿ ಬಚಾವತ್ ಅವರ ಅಧ್ಯಕ್ಷತೆಯಲ್ಲಿ ಕೃಷ್ಣಾ ನ್ಯಾಯಾಧಿಕರಣವು ನೇಮಕವಾದಾಗ ಅದೇ ತತ್ತ್ವವು ಅಲ್ಲಿಯೂ ಅಳತೆಗೋಲಾಯಿತು. 1976ರ ಅಂತಿಮ ತೀರ್ಪಿನಂತೆ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ. ನೀರು ಸಂದಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ದೋಆಬಿನ ಕಾಲುವೆಗಳಲ್ಲಿ ಹರಿಯುವ ನೀರಿನ ಹಕ್ಕುಪತ್ರವೇ ಅದು.

ರಾಯರು ಹೊರಗಿನಿಂದ ತಂದದ್ದನ್ನಷ್ಟೇ ಹೇಳಿದರೆ ಅರ್ಧ ಕಥೆಯಾಯಿತು. ಅವರು ಕೊಟ್ಟದ್ದೂ ಉಂಟು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದಾಗಲೇ, 1947ರಲ್ಲಿ, ಬರ್ಮಾ ದೇಶದ ಸಂವಿಧಾನ ರಚನೆಗೂ ನೆರವಾದರು. ಅದೇ ವರ್ಷದ ಕೊನೆಯಲ್ಲಿ ನಮ್ಮ ಕರಡನ್ನು ಹಿಡಿದು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳನ್ನು ಸುತ್ತಿ ಅಲ್ಲಿಯ ಅನುಭವಿಗಳ ಅಭಿಪ್ರಾಯ ಕೇಳಿದರು. ಕೇಳಿದ್ದೆಲ್ಲವೂ ನಮಗೆ ಹಿತವಾಯಿತೆಂದು ನಾನು ಹೇಳಲಾರೆ. ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ಸಲಹೆಯ ಪ್ರಭಾವದಿಂದ ವ್ಯಕ್ತಿ ಸ್ವಾತಂತ್ರ್ಯದ ವಿಧಿಯು ಸಡಿಲವಾಯಿತು. ಅದನ್ನು ಮತ್ತೆ ಬಿಗಿಮಾಡಲು 1978ರ ಮೇನಕಾ ಗಾಂಧಿ ಪ್ರಕರಣದವರೆಗೂ ಕಾಯಬೇಕಾಯಿತು. ಎರವಲು ತರುವಾಗಲೂ ಹೊಂದುವುದನ್ನೇ ಆರಿಸಬೇಕಷ್ಟೆ. 1952ರಲ್ಲಿ ರಾಯರು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, ಮರುವರ್ಷವೇ ತೀರಿಕೊಂಡರು.

ಇನ್ನು ಕಾಲುವೆಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯು ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಸಿಂಧನೂರು, ಮಾನವಿಗಳ ಸೀಮೆಯನ್ನು ಹಾದು ರಾಯಚೂರಿನತ್ತ ಬರುತ್ತದೆ. ಇದನ್ನು ಯೋಜಿಸಿದವರು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಅಲ್ಪ ನೀರಿನ ಬೆಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೀರನ್ನು ತೆಳುವಾಗಿ ದೂರದವರೆಗೆ ಹಂಚಬೇಕೆಂದಿದ್ದರು. ಆದರೆ ಮೇಲ್ಭಾಗದಲ್ಲಿ ಬತ್ತದ ಗದ್ದೆಗಳು ಹಬ್ಬಿದುವು. ಬತ್ತವನ್ನು ಬೆಳೆದವನನ್ನು ದೂರುವುದು ಸುಲಭ. ಕಾಲುವೆ ತನ್ನ ಹೊಲದ ಅಂಚಿನಲ್ಲಿಯೇ ಹರಿಯುತ್ತಿದ್ದರೆ ನಾವು ನೀವಾದರೂ ಏನು ಮಾಡುತ್ತಿದ್ದೆವು? ಕೊನೆಯ ಭಾಗದ ರೈತರು ಮಾತ್ರ ನೀರಿಗಾಗಿ ರಸ್ತೆಗಿಳಿಯುವುದು ವಾಡಿಕೆಯೇ ಆಗಿದೆ. ನೀರನ್ನು ಕೆಳಗೆ ಮುಟ್ಟಿಸಲು ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಹೊರಡಿಸಿದ ವರ್ಷಗಳೂ ಉಂಟು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಮೇಲಿನವರೂ ಕೆಳಗಿನವರೂ ಒಂದೇ ಬಗೆಯಾಗಿ ನಡುಗಿದರು. ವಾರದೊಳಗೆ ತಾತ್ಕಾಲಿಕ ಬಾಗಿಲನ್ನು ಕೂರಿಸಿ ನೀರನ್ನು ತಡೆದ ಮೇಲೆ ಹಳೆಯ ಜಗಳ ಮತ್ತೆ ಹಳೆಯದೇ.

ನನ್ನ ತರಗತಿಯಲ್ಲಿ ಮಾನವಿ ತಾಲೂಕಿನ ಕಾಲುವೆಯ ಕೊನೆಯ ಹಳ್ಳಿಯ ಹುಡುಗನೊಬ್ಬನಿದ್ದ. ಒಂದು ವಾರ ತರಗತಿಗೆ ಬರಲಿಲ್ಲ. ಕಾರಣ ಕೇಳಿದರೆ, "ರಾತ್ರಿಯೆಲ್ಲ ನೀರು ಕಾಯಾಕ ಹೋಗಿದ್ದೆ ರೀ ಸರ" ಎಂದ. ಹಳಗನ್ನಡದ ಪಾಠವನ್ನು ಬದಿಗಿಟ್ಟು ಅವನಿಗೆ ಅಮೆರಿಕದ ಕಥೆ ಹೇಳಿದೆ. ಮೇಲಿನ ಕೊಲರಾಡೊ ಸಂಸ್ಥಾನದ ಮೇಲೆ ಕೆಳಗಿನ ಕಾನ್ಸಾಸ್ ಸಂಸ್ಥಾನ ದಾವೆ ಹೂಡಿದ್ದನ್ನೂ, 1907ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಇಬ್ಬರೂ ಸಮಾನರು, ನೀರನ್ನು ನ್ಯಾಯವಾಗಿ ಹಂಚಿಕೊಳ್ಳತಕ್ಕದ್ದು ಎಂದು ಸಾರಿದ್ದನ್ನೂ, ಆ ಮಾತು ನರಸಿಂಗ ರಾಯರ ಕೈಹಿಡಿದು ನಮ್ಮ ನಾಡಿಗೆ ಬಂದುದನ್ನೂ ವಿವರಿಸಿದೆ. ಹುಡುಗ ಗಮನವಿಟ್ಟು ಕೇಳಿದ. ಆಮೇಲೆ, "ಈ ತೀರ್ಪು ನಮ್ಮ ಮ್ಯಾಲಿನ ತೂಬಿನವರಿಗೆ ಗೊತ್ತದ ಏನ್ರಿ ಸರ?" ಎಂದು ಕೇಳಿದ.

ನಾನು ಉತ್ತರ ಹುಡುಕುವಷ್ಟರಲ್ಲಿ ಅವನು ಪುಸ್ತಕಗಳನ್ನು ಕಂಕುಳಿಗಿಟ್ಟು ಬಸ್ಸಿಗೆ ಹೊರಟ. ಆ ರಾತ್ರಿಯೂ ಅವರ ಓಣಿಯವರದೇ ಪಾಳಿಯಂತೆ.