ಪಾತ್ರೆಯ ಸಾಬೂನು ಮತ್ತು ಮೋಟಾರು ಗಾಡಿ

ಮಹಾನವಮಿಯ ಮುನ್ನಾದಿನ ನಮ್ಮ ಕಾಸರಗೋಡು ಸೀಮೆಯ ಅಂಗಳಗಳನ್ನು ನೋಡಬೇಕು. ಕಾರು, ಜೀಪು, ಆಟೋರಿಕ್ಷಾ, ಸ್ಕೂಟರು, ಎಲ್ಲಕ್ಕೂ ಅಂದು ಅಭ್ಯಂಗ. ಬಾಲ್ದಿಗಟ್ಟಲೆ ನೀರು, ಮೊಣಕಾಲವರೆಗೆ ನೊರೆ, ಮಕ್ಕಳ ಗದ್ದಲ. ಒಂದು ವರ್ಷ ಹಬ್ಬದ ರಜೆ ಮುಗಿದು ಶಾಲೆ ತೆರೆದ ದಿನ ಎಂಟನೆಯ ತರಗತಿಯ ಹುಡುಗನೊಬ್ಬನು ನನ್ನ ಬಳಿಗೆ ಬಂದು ಸಪ್ಪೆಯ ಮುಖದಿಂದ ಒಂದು ಪ್ರಶ್ನೆಯನ್ನು ಕೇಳಿದನು. ಆತನ ತಂದೆ ಬಾಡಿಗೆಯ ಕಾರು ಓಡಿಸಿ ಸಂಸಾರ ಸಾಗಿಸುವವರು. ತಂದೆಗೆ ಸಂತೋಷವಾಗಲೆಂದು ಹುಡುಗನು ನಸುಕಿನಲ್ಲಿಯೇ ಎದ್ದು, ಅಡಿಗೆಮನೆಯಿಂದ ಪಾತ್ರೆ ತಿಕ್ಕುವ ಸಾಬೂನಿನ ಬಿಲ್ಲೆಯನ್ನೂ ಹಸುರು ಉಜ್ಜುನಾರನ್ನೂ ತಂದು, ಕಾರನ್ನು ಚೆನ್ನಾಗಿ ಉಜ್ಜಿ ತೊಳೆದಿದ್ದನು. ಬಿಸಿಲು ಏರಿದ ಮೇಲೆ ನೋಡಿದರೆ ಕಪ್ಪು ಕಾರಿನ ಮೈಯೆಲ್ಲ ಜೇಡರಬಲೆಯಂತಹ ಗೀರುಗಳು! "ಸರ್, ಅಮ್ಮನ ಪಾತ್ರೆಯನ್ನು ಫಳಫಳಿಸುವ ಸಾಬೂನು ಅಪ್ಪನ ಕಾರಿನ ಹೊಳಪನ್ನು ಏಕೆ ತೆಗೆಯಿತು?" ಎಂಬುದೇ ಆತನ ಪ್ರಶ್ನೆ.

ಪ್ರಶ್ನೆಯು ಉತ್ತಮವಾದುದು. ಅಂದು ಆತನಿಗೆ ಐದು ನಿಮಿಷದಲ್ಲಿ ಹೇಳಿದುದನ್ನು ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿಯಂದಿರಿಗೆ ರಸಾಯನಶಾಸ್ತ್ರದ ಪಾಠವಾಗಿರಲಿಲ್ಲ. ಆದರೂ ಯಾವ ವಸ್ತುವನ್ನು ಯಾವುದರಿಂದ ತೊಳೆಯಬೇಕೆಂಬ ವಿವೇಕವು ಅವರಲ್ಲಿ ಪೂರ್ಣವಾಗಿತ್ತು. ಕಂಚು ಹಿತ್ತಾಳೆಗಳಿಗೆ ಹುಣಿಸೆಹಣ್ಣು, ಮಸಿ ಹಿಡಿದ ಪಾತ್ರೆಗೆ ಬೂದಿ ಮತ್ತು ತೆಂಗಿನ ನಾರು, ರೇಷ್ಮೆಯ ಸೀರೆಗೆ ಅಂಟುವಾಳಕಾಯಿ, ತಲೆಗೂದಲಿಗೆ ಸೀಗೆ. ಇವು ಒಂದರ ಸ್ಥಾನಕ್ಕೆ ಇನ್ನೊಂದು ಬರುತ್ತಿರಲಿಲ್ಲ. ದೋಸೆಯ ಕಾವಲಿಗಂತೂ ಸಾಬೂನು ಸೋಕಿಸುವಂತೆಯೇ ಇಲ್ಲ. ಎಣ್ಣೆ ಕುಡಿದು ಪಳಗಿದ ಕಬ್ಬಿಣದ ಕಾವಲಿಯನ್ನು ಯಾರಾದರೂ ಸಾಬೂನು ಹಾಕಿ ಗಸಗಸನೆ ತಿಕ್ಕಿದರೆ ಮರುದಿನ ದೋಸೆ ಮೇಲೇಳುವುದಿಲ್ಲ. ತಾಯಂದಿರಿಗೆ ಇದನ್ನು ನಾನು ಹೇಳಬೇಕಾದುದಿಲ್ಲ. ಕಾರಿನ ವಿಷಯವೂ ಕಾವಲಿಯ ವಿಷಯಕ್ಕೆ ಬಹಳ ಸಮೀಪವಾದುದು.

ಮೊದಲು ಸಾಬೂನಿನ ಸ್ವಭಾವವನ್ನು ನೋಡೋಣ. ಎಣ್ಣೆಯೂ ನೀರೂ ಕೂಡುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಉದ್ದವಾದ ಬಾಲ ಇರುವುದೆಂದು ಭಾವಿಸಿರಿ. ತಲೆಗೆ ನೀರಿನ ಮೇಲೆ ಪ್ರೀತಿ. ಬಾಲಕ್ಕೆ ಜಿಡ್ಡಿನ ಮೇಲೆ ಪ್ರೀತಿ. ಅಸಂಖ್ಯ ಅಣುಗಳು ತಮ್ಮ ಬಾಲಗಳನ್ನು ಜಿಡ್ಡಿನ ಕಣದೊಳಗೆ ನೆಟ್ಟು, ತಲೆಗಳನ್ನು ಹೊರಗೆ ನೀರಿನ ಕಡೆಗೆ ಚಾಚುತ್ತವೆ. ಹೀಗೆ ಸುತ್ತುವರಿಯಲ್ಪಟ್ಟ ಜಿಡ್ಡು ಪಾತ್ರೆಯ ಹಿಡಿತವನ್ನು ಬಿಟ್ಟು ನೀರಿನೊಡನೆ ಹರಿದುಹೋಗುತ್ತದೆ. ನಾವು ಇಂದು ಪಾತ್ರೆಗೆ ಬಳಸುವುದು ನಿಜವಾಗಿ ಹಳೆಯ ಕಾಲದ ಸಾಬೂನೇ ಅಲ್ಲ. ಕೊಬ್ಬು ಮತ್ತು ಕ್ಷಾರಗಳಿಂದ ಕುದಿಸಿ ಮಾಡಿದುದು ಸಾಬೂನು. ಇದು ಡಿಟರ್ಜೆಂಟ್ ಎಂಬ ಕೃತಕ ವಸ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಕೊಬ್ಬಿನ ಅಭಾವವುಂಟಾದಾಗ, 1916ರ ಸುಮಾರಿಗೆ, ಇಂತಹ ವಸ್ತುಗಳು ಮೊದಲು ಸಿದ್ಧವಾದುವು. ಗಡಸು ನೀರಿನಲ್ಲಿಯೂ ಇವುಗಳ ಶಕ್ತಿ ಕುಂದುವುದಿಲ್ಲ. ತುಪ್ಪ, ತೆಂಗಿನೆಣ್ಣೆ, ಮೀನಿನ ಜಿಡ್ಡು ಯಾವುದಾದರೂ ಸರಿ, ಒಂದು ಚೂರೂ ಉಳಿಯದಂತೆ ತೆಗೆಯುವುದೇ ಅದರ ಧರ್ಮ.

ಈ ಶಕ್ತಿಯು ಎಷ್ಟಿದೆಯೆಂಬುದಕ್ಕೆ ಒಂದು ನಿದರ್ಶನವುಂಟು. 1989ರಲ್ಲಿ ಅಲಾಸ್ಕಾದ ಕಡಲಿನಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಎಣ್ಣೆಯ ಹಡಗು ಬಂಡೆಗೆ ಬಡಿದು ಅಪಾರವಾದ ಕಚ್ಚಾ ತೈಲವು ಚೆಲ್ಲಿದಾಗ, ಮೈತುಂಬ ಎಣ್ಣೆ ಮೆತ್ತಿಕೊಂಡ ಕಡಲಹಕ್ಕಿಗಳನ್ನು ಕಾರ್ಯಕರ್ತರು ಪಾತ್ರೆ ತೊಳೆಯುವ ದ್ರವದಿಂದಲೇ ತೊಳೆದರು. ಆದರೆ ತೊಳೆದ ಹಕ್ಕಿಯನ್ನು ಒಡನೆಯೇ ಕಡಲಿಗೆ ಬಿಡುವಂತಿಲ್ಲ. ಅದು ಕೊಕ್ಕಿನಿಂದ ಗರಿಗಳನ್ನು ತೀಡಿ, ನೀರು ಒಳಗೆ ಇಳಿಯದಂತೆ ಮೈಯನ್ನು ಪುನಃ ಸಜ್ಜುಗೊಳಿಸಿಕೊಳ್ಳುವವರೆಗೆ ಕಾಯಬೇಕು. ಕಾರಿಗೆ ಕೊಕ್ಕಿಲ್ಲ.

ಇನ್ನು ಕಾರಿನ ಮೈ. ಕಬ್ಬಿಣದ ತಗಡಿನ ಮೇಲೆ ತುಕ್ಕು ಹಿಡಿಯದಂತೆ ಒಂದು ಲೇಪ, ಅದರ ಮೇಲೆ ಪ್ರೈಮರು, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕವಾದ ಒಂದು ಪದರ. ವರ್ಕ್‌ಶಾಪಿನವರು ಇದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಇವೆಲ್ಲವೂ ಸೇರಿ ಸಾಮಾನ್ಯವಾಗಿ ನೂರರಿಂದ ನೂರೈವತ್ತು ಮೈಕ್ರಾನ್ ದಪ್ಪ. ಮೇಲಿನ ಪಾರದರ್ಶಕ ಪದರವು ಸುಮಾರು 40ರಿಂದ 50 ಮೈಕ್ರಾನ್ ಮಾತ್ರ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಿಮ್ಮ ತಲೆಯ ಒಂದು ಕೂದಲನ್ನು ಹಿಡಿದು ನೋಡಿರಿ. ಅದರ ದಪ್ಪಕ್ಕಿಂತ ತೆಳುವಾದ ಒಂದು ಪ್ಲಾಸ್ಟಿಕ್ಕಿನ ಹೊದಿಕೆಯು ಸೂರ್ಯನ ಬಿಸಿಲನ್ನೂ ಆರು ತಿಂಗಳ ಮಳೆಯನ್ನೂ ತಡೆಯುತ್ತಿದೆ! ಈ ಹೊದಿಕೆಯ ರಕ್ಷಣೆಗಾಗಿ ಜಾಗರೂಕರಾದವರು ಮೇಣ ಹಚ್ಚುತ್ತಾರೆ. ಒಳ್ಳೆಯ ಮೇಣವೆಂದು ಪ್ರಸಿದ್ಧವಾದ ಕಾರ್ನೌಬವು ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರದ ಎಲೆಗಳಿಂದ ದೊರೆಯುವುದು. ಮೇಣವಿರುವಲ್ಲಿ ನೀರು ಮಣಿಮಣಿಯಾಗಿ ಉರುಳಿಹೋಗುತ್ತದೆ; ಕಾಗೆಯ ಹಿಕ್ಕೆ, ಮಾವಿನ ಸೊನೆ ಮೊದಲಾದುವು ಬಣ್ಣಕ್ಕೆ ನೇರವಾಗಿ ತಾಗುವುದಿಲ್ಲ.

ಮೇಣವೂ ಜಿಡ್ಡಿನ ಬಂಧುವೇ. ಪಾತ್ರೆಯ ಡಿಟರ್ಜೆಂಟಿಗೆ ಅನ್ನದ ತಟ್ಟೆಯ ತುಪ್ಪ ಯಾವುದು, ಕಾರಿನ ಮೇಣ ಯಾವುದು ಎಂಬ ಭೇದವಿಲ್ಲ. ವಾರವಾರವೂ ಅದರಿಂದ ತೊಳೆದರೆ ಮೇಣವು ಬೇಗನೆ ಕ್ಷೀಣಿಸುವುದು.

ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ತೋಟದ ಬದಿಯಿಂದ ಒಂದು ಕೆಸುವಿನ ಎಲೆಯನ್ನು ತನ್ನಿರಿ. ಅದರ ಮೇಲೆ ನೀರು ಹನಿಸಿದರೆ ಮುತ್ತಿನಂತೆ ಉರುಳಾಡುವುದು; ಎಲೆಯ ಮೇಲಿನ ಅತಿ ಸೂಕ್ಷ್ಮವಾದ ಮೇಣದ ಕಣಗಳೇ ಇದಕ್ಕೆ ಕಾರಣ. ಈಗ ಪಾತ್ರೆಯ ದ್ರವವನ್ನು ಬೆರೆಸಿದ ನೀರಿನ ಹನಿಯನ್ನು ಹಾಕಿರಿ. ಮುತ್ತು ಚಪ್ಪಟೆಯಾಗಿ ಎಲೆಗೆ ಅಂಟಿಕೊಳ್ಳುವುದು. ಇಷ್ಟರಿಂದಲೇ ಎಲೆಯ ಮೇಣವು ಕರಗಿತೆಂದು ತಿಳಿಯಬೇಡಿರಿ. ನೀರಿನ ಮೇಲ್ಮೈಯ ಬಿಗುವು ಸಡಿಲಿ, ಅದು ಮೇಣದ ಮೇಲೂ ಹರಡಬಲ್ಲುದಾಯಿತು, ಅಷ್ಟೆ. ಹೀಗೆ ಒಳಹೊಕ್ಕ ಮೇಲೆ ಕೈಯಿಂದ ಉಜ್ಜಿದರೆ ಮೇಣವು ಏಳತೊಡಗುವುದು.

ಆದರೆ ಆ ಹುಡುಗನ ಕಾರಿಗೆ ಆದ ಮುಖ್ಯವಾದ ಹಾನಿಯು ಇದಲ್ಲ. ಪರದೇಶಗಳ ಪುಸ್ತಕಗಳಲ್ಲಿ ಪಾತ್ರೆಯ ಸಾಬೂನು ಎಂದರೆ ಸೀಸೆಯಲ್ಲಿ ಬರುವ ದ್ರವ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಬಿಲ್ಲೆ. ಬಿಲ್ಲೆಯಲ್ಲಿ ಡಿಟರ್ಜೆಂಟಿನ ಜತೆಗೆ ನುಣ್ಣಗೆ ಅರೆದ ಸುಣ್ಣಕಲ್ಲಿನಂತಹ ಖನಿಜದ ಪುಡಿಯನ್ನು ಧಾರಾಳವಾಗಿ ಸೇರಿಸಿರುತ್ತಾರೆ. ಅಜ್ಜಿಯ ಬೂದಿ ಮಾಡುತ್ತಿದ್ದ ಕೆಲಸವನ್ನೇ ಈ ಪುಡಿಯೂ ಮಾಡುತ್ತದೆ: ತಳಕ್ಕೆ ಹಿಡಿದ ಸೀಕಲನ್ನು ಕೆರೆದು ತೆಗೆಯುವುದು. ಉಕ್ಕಿನ ಪಾತ್ರೆಯು ಅದನ್ನು ಸಹಿಸುತ್ತದೆ; ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ಕು ಸಹಿಸಲಾರದು. ಮೇಲಾಗಿ ನಮ್ಮ ದಾರಿಗಳ ಕೆಂಧೂಳು! ನಾವು ಮುರಕಲ್ಲು ಎನ್ನುವ ಈ ಕೆಂಪು ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಟ್ಟದ್ದು ಇದೇ ಕೇರಳದ ಅಂಗಡಿಪುರದ ಕಲ್ಲನ್ನು ನೋಡಿ. ಅದರ ಧೂಳಿನಲ್ಲಿ ಕಬ್ಬಿಣದ ಆಕ್ಸೈಡೂ ಇದೆ, ಸ್ಫಟಿಕಶಿಲೆಯ ಮರಳೂ ಇದೆ. ಸ್ಫಟಿಕಶಿಲೆಯು ಗಾಜನ್ನೇ ಗೀರಬಲ್ಲುದು. ಒಣಗಿದ ಧೂಳಿನ ಮೇಲೆ ಉಜ್ಜುನಾರನ್ನು ಒತ್ತಿ ತಿರುಗಿಸಿದರೆ ಮರಳುಕಾಗದದಿಂದ ತಿಕ್ಕಿದಂತೆಯೇ ಸರಿ. ಕಾರಿಗೆಂದೇ ಮಾಡಿದ ಶಾಂಪೂವಿನಲ್ಲಿ ನೀರನ್ನು ಜಾರುವಂತೆ ಮಾಡುವ ಗುಣಕ್ಕೆ ಪ್ರಾಧಾನ್ಯ. ಧೂಳಿನ ಕಣವು ಬಣ್ಣದ ಮೇಲೆ ಉರಸದೆ ಜಾರಿಹೋಗಬೇಕೆಂಬುದೇ ಅದರ ಉದ್ದೇಶ.

ಜೇಡರಬಲೆಯಂತೆ ಗೀರುಗಳು ಸುತ್ತುಸುತ್ತಾಗಿ ಕಾಣುವುದೇಕೆ? ಊಟದ ಹಳೆಯ ಉಕ್ಕಿನ ತಟ್ಟೆಯನ್ನು ದೀಪದ ಕೆಳಗೆ ಹಿಡಿಯಿರಿ. ದೀಪದ ಪ್ರತಿಬಿಂಬದ ಸುತ್ತಲೂ ಚಕ್ರಾಕಾರದ ಎಳೆಗಳು ಕಾಣುವುವು. ತಟ್ಟೆಯನ್ನು ಸರಿಸಿದರೆ ಚಕ್ರವೂ ದೀಪದೊಡನೆ ಸರಿಯುವುದು. ನಿಜವಾಗಿ ಗೀರುಗಳು ಎಲ್ಲ ದಿಕ್ಕುಗಳಲ್ಲಿಯೂ ಇವೆ. ಬೆಳಕನ್ನು ನಮ್ಮ ಕಣ್ಣಿನ ಕಡೆಗೆ ತಿರುಗಿಸುವವು ಮಾತ್ರ ಕಾಣುವುದರಿಂದ ಚಕ್ರದ ಭ್ರಮೆಯುಂಟಾಗುತ್ತದೆ. ಕಾರಿನ ಮೇಲೆ ಸೂರ್ಯನೇ ದೀಪ. ಕಪ್ಪು ಬಣ್ಣದಲ್ಲಿ ಇದು ಎದ್ದು ಕಾಣುವುದು, ಬಿಳಿಯದರಲ್ಲಿ ಅಡಗಿರುವುದು.

ಅತಿಶಯೋಕ್ತಿಯನ್ನೂ ಮಾಡಬಾರದು. ಸೀಸೆಯ ದ್ರವದಿಂದ ಒಂದು ಸಲ ತೊಳೆದ ಮಾತ್ರಕ್ಕೆ ಬಣ್ಣವು ಕಿತ್ತುಬರುವುದಿಲ್ಲ. ಹಾಗೆಂದು ಹೆದರಿಸುವವರು ಶಾಂಪೂ ಮಾರುವವರೇ ಇರಬಹುದು. ದ್ರವವು ಮಂದವಾಗಲೆಂದು ಅದರಲ್ಲಿ ಉಪ್ಪು ಬೆರೆಸುತ್ತಾರೆ, ಆದುದರಿಂದ ತುಕ್ಕು ಹಿಡಿಯುವುದು ಎಂಬ ಮಾತೂ ಕೇಳಿಬರುವುದು. ಉಪ್ಪು ಇರುವುದು ಎಷ್ಟೋ ಕಡೆ ನಿಜ. ಆದರೆ ಚೆನ್ನಾಗಿ ನೀರು ಹೊಯ್ದರೆ ಅದು ನಿಲ್ಲುವುದಿಲ್ಲ. ನಮ್ಮ ಕಡಲಗಾಳಿಯು ತಂದು ಹಾಕುವ ಉಪ್ಪಿನ ಮುಂದೆ ಅದು ಅಲ್ಪ. ತೀರದ ಊರುಗಳವರು ಗಾಡಿಯ ಅಡಿಭಾಗಕ್ಕೆ ಆಗಾಗ ಬರಿಯ ನೀರನ್ನು ಹಾಯಿಸುವುದು ಇದಕ್ಕಾಗಿಯೇ ಅವಶ್ಯ.

ಹಾಗಾದರೆ ತೊಳೆಯುವುದು ಹೇಗೆ? ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿರಿ. ಬಿಸಿಯಾದ ತಗಡಿನ ಮೇಲೆ ನೀರು ಒಣಗಿದರೆ ಕಲೆ ನಿಲ್ಲುವುದು. ಮೊದಲು ಏನನ್ನೂ ಮುಟ್ಟದೆ ಬರಿಯ ನೀರಿನಿಂದ ಧೂಳನ್ನು ಇಳಿಸಬೇಕು. ಬಳಿಕ ಎರಡು ಬಾಲ್ದಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸಲು ಶುದ್ಧ ನೀರು. ಮೆತ್ತನೆಯ ಬಟ್ಟೆಯಿಂದ ಮಾಡಿನಿಂದ ಕೆಳಕ್ಕೆ ಬನ್ನಿರಿ. ಚಕ್ರಗಳಿಗೆ ಬೇರೆ ಬಟ್ಟೆ, ಅದೂ ಕೊನೆಯಲ್ಲಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಪುನಃ ಕಾರಿಗೆ ತಾಗಿಸಬಾರದು. ಶಾಂಪೂ ಇಲ್ಲದಿದ್ದರೆ ಬಿಲ್ಲೆಗಿಂತ ಬರಿಯ ನೀರೇ ವಾಸಿ. ಕೊನೆಗೆ ಒಣಬಟ್ಟೆಯಿಂದ ಒರಸಿರಿ. ಬಾವಿಯ ಕಟ್ಟೆಯ ಬಳಿಯಲ್ಲಿಯೋ ಸುರಂಗದ ನೀರು ಬಂದು ಬೀಳುವ ಕೆರೆಯ ಬದಿಯಲ್ಲಿಯೋ ಈ ಕೆಲಸ ಬೇಡ. ಡಿಟರ್ಜೆಂಟು ಮೀನಿನ ಕಿವಿರುಗಳಿಗೆ ವಿಷ, ನಮ್ಮ ಕುಡಿಯುವ ನೀರಿಗೂ ಹಿತವಲ್ಲ.

ಹುಡುಗನ ತಂದೆಯು ಮಗನನ್ನು ಬೈಯಲಿಲ್ಲವೆಂದು ಕೇಳಿ ನನಗೆ ಸಂತೋಷವಾಯಿತು. ವರ್ಕ್‌ಶಾಪಿನವರು ಪಾಲಿಶ್ ಮಾಡಿದರು. ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ. ಗೀರಿನ ಸುತ್ತಲಿನ ಪದರವನ್ನು ಕೆಲವು ಮೈಕ್ರಾನಿನಷ್ಟು ಸವೆಸಿ ಸಮ ಮಾಡುವುದು. ಇರುವುದೇ ನಲವತ್ತೈವತ್ತು ಮೈಕ್ರಾನ್ ಆದುದರಿಂದ ಇದನ್ನು ಮತ್ತೆ ಮತ್ತೆ ಮಾಡುವಂತಿಲ್ಲ. ಆಳವಾದ ಕೆಲವು ಗೀರುಗಳನ್ನು ಅವರು ಹಾಗೆಯೇ ಬಿಟ್ಟರು.